ತಾಳೆಯಾಗದ ಅಲೆ: ಬಿಸ್ಮತ್ ಸೂಪರ್‌ಕಂಡಕ್ಟರ್ ಹರಳಿನೊಳಗಿನ ಒಂದು ಹಳೆಯ ತೊಡಕು, ಹೊಸ ಉಪಯೋಗ

ಬಿಸ್ಮತ್, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ, ತಾಮ್ರ, ಆಕ್ಸಿಜನ್ ಸೇರಿ ಆದ ಒಂದು ಕಪ್ಪು ಹರಳಿದೆ. ಪ್ರಯೋಗಾಲಯಗಳಲ್ಲಿ ಅದಕ್ಕೆ ಬಿಸ್ಮತ್-2212 ಎನ್ನುತ್ತಾರೆ. ಎರಡು ಬಿಸ್ಮತ್, ಎರಡು ಸ್ಟ್ರಾನ್ಷಿಯಂ, ಒಂದು ಕ್ಯಾಲ್ಸಿಯಂ, ಎರಡು ತಾಮ್ರ ಇರುವುದರಿಂದ ಆ ಸಂಖ್ಯೆ. ಇದನ್ನು ಸುಮಾರು 90 ಕೆಲ್ವಿನ್‌ಗೆ, ಅಂದರೆ ಮೈನಸ್ 183 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣ್ಣಗಾಗಿಸಿದರೆ ವಿದ್ಯುತ್ತು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಸೂಪರ್‌ಕಂಡಕ್ಟರ್ ಅಥವಾ ಅತಿವಾಹಕ ಎಂದರೆ ಇದೇ.

ಈ ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ನೋಡಿದರೆ ಸಾಲಾಗಿ ಚುಕ್ಕೆಗಳು ಕಾಣುತ್ತವೆ. ಪ್ರಕಾಶಮಾನವಾದ ಮುಖ್ಯ ಚುಕ್ಕೆಗಳು ಎಲ್ಲ ಹರಳುಗಳಲ್ಲೂ ಇರುವಂಥವೇ. ಆದರೆ ಪ್ರತಿ ಮುಖ್ಯ ಚುಕ್ಕೆಯ ಎರಡೂ ಬದಿಗೆ ಮಂಕಾದ ಪುಟ್ಟ ಚುಕ್ಕೆಗಳೂ ಇರುತ್ತವೆ. ತೊಡಕು ಇರುವುದು ಇವುಗಳಲ್ಲಿ. ಒಂದು ಮುಖ್ಯ ಚುಕ್ಕೆಯಿಂದ ಇನ್ನೊಂದಕ್ಕೆ ಇರುವ ದೂರದ ಸುಮಾರು 0.21 ಪಾಲಿನಲ್ಲಿ ಅವು ಕೂತಿವೆ. ಐದನೇ ಒಂದು ಪಾಲೂ ಅಲ್ಲ, ನಾಲ್ಕನೇ ಒಂದು ಪಾಲೂ ಅಲ್ಲ. ಹರಳಿನ ಆಕ್ಸಿಜನ್ ಪ್ರಮಾಣ ಸ್ವಲ್ಪ ಬದಲಾದರೂ ಆ ಸಂಖ್ಯೆ ತುಸು ಜರುಗುತ್ತದೆ. ಯಾವ ಸರಳ ಭಿನ್ನರಾಶಿಗೂ ಅದು ಅಂಟಿಕೊಂಡು ನಿಲ್ಲುವುದಿಲ್ಲ.

ಇದರ ಅರ್ಥ ಇಷ್ಟು. ಹರಳಿನೊಳಗೆ ಪರಮಾಣುಗಳು ಸಾಲಾಗಿ ಕೂತಿವೆ, ಆದರೆ ನೇರ ಸಾಲಿನಲ್ಲಲ್ಲ. ಅವುಗಳ ಜಾಗ ಒಂದು ಅಲೆಯಂತೆ ಆಚೀಚೆ, ಮೇಲೆ ಕೆಳಗೆ ಸರಿಯುತ್ತಾ ಹೋಗುತ್ತದೆ. ಆ ಅಲೆಯ ಉದ್ದ ಸುಮಾರು 26 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು). ಹರಳಿನ ಒಂದು ಮೂಲಕೋಶದ, ಅಂದರೆ ಅಲೆಯನ್ನು ಬಿಟ್ಟು ನೋಡಿದರೆ ಮರುಕಳಿಸುವ ಪುಟ್ಟ ತುಣುಕಿನ, ಅಗಲ ಸುಮಾರು 5.4 ಆಂಗ್‌ಸ್ಟ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 4.8ರ ಆಸುಪಾಸು ಏನೋ ಒಂದು ಸಂಖ್ಯೆ ಬರುತ್ತದೆ. ಹಾಗಾಗಿ ಅಲೆಯ ಲೆಕ್ಕ ಮತ್ತು ಕೋಶದ ಲೆಕ್ಕ ಎಲ್ಲಿಯೂ ಸರಿಯಾಗಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಂಥದ್ದನ್ನು ಇನ್‌ಕಮೆನ್ಸುರೇಟ್ ರಚನೆ ಎನ್ನುತ್ತಾರೆ. ಈ ಹರಳಿನ ಅಲೆಗೆ ಸೂಪರ್‌ಮಾಡ್ಯುಲೇಷನ್ ಎಂಬ ಹೆಸರೂ ಇದೆ.

ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ ಬಗ್ಗೆ ಬರೆಯುವವರು ಈ ಅಲೆಯನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಈ ವಸ್ತುಗಳ ಬಗ್ಗೆ ಜಗತ್ತಿಗೆ ಗೊತ್ತಿರುವ ದೊಡ್ಡ ಪಾಲು ಬಂದಿರುವುದೇ ಬಿಸ್ಮತ್-2212ರಿಂದ. ಆ ಅಲೆಯನ್ನು ಅರಿಯದೆ ಆ ಮಾಹಿತಿಯನ್ನು ತೂಗಿ ನೋಡಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಕಾಟ ಎನಿಸಿಕೊಂಡಿದ್ದ ಇದೇ ಅಲೆ ಈಗ ಸೂಪರ್‌ಕಂಡಕ್ಟಿವಿಟಿಯ ಮೂಲ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಅಳತೆಗೋಲಾಗಿದೆ.

ಮೊದಲು ಸ್ವಲ್ಪ ಹಿನ್ನೆಲೆ. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಜಾರ್ಜ್ ಬೆಡ್ನೋರ್ಜ್ ಮತ್ತು ಅಲೆಕ್ಸ್ ಮುಲ್ಲರ್ ಲ್ಯಾಂಥನಮ್, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ 30 ಕೆಲ್ವಿನ್ ದಾಟಿದ ಸೂಪರ್‌ಕಂಡಕ್ಟಿವಿಟಿ ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. 1987ರಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ 90 ಕೆಲ್ವಿನ್ ದಾಟಿತು. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಹಾಗಾಗಿ ದುಬಾರಿ ಹೀಲಿಯಂ ಇಲ್ಲದೆಯೇ ಕೆಲಸ ನಡೆಯುವ ಕಾಲ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು ಆ ಯಿಟ್ರಿಯಂ ಸಂಯುಕ್ತದಲ್ಲಿ ಸೂಪರ್‌ಕಂಡಕ್ಟರ್ ಆಗುವ ಭಾಗ ಯಾವುದು ಎಂದು ಗುರುತಿಸಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಬರೆದರು. ಲ್ಯಾಂಥನಮ್ ಜಾತಿಯ ಈ ಪದರದ ಆಕ್ಸೈಡುಗಳ ಮೇಲೆ ಅವರ ಗುಂಪು ಅದಕ್ಕೂ ಮೊದಲಿನಿಂದ ಕೆಲಸ ಮಾಡುತ್ತಿತ್ತು. ಹಾಗಾಗಿ ಜಗತ್ತೆಲ್ಲ ಓಡತೊಡಗಿದಾಗ ಬೆಂಗಳೂರು ಹಿಂದೆ ಬೀಳಲಿಲ್ಲ. 1988ರಲ್ಲಿ ಬಿಸ್ಮತ್ ಸಂಯುಕ್ತಗಳನ್ನೂ ಅವರು ಕೈಗೆತ್ತಿಕೊಂಡರು.

ಆ ಬಿಸ್ಮತ್ ಸಂಯುಕ್ತಗಳನ್ನು 100 ಕೆಲ್ವಿನ್ ಆಚೆ ಒಯ್ದವರು ಜಪಾನಿನ ತ್ಸುಕುಬಾದ ಹಿರೋಷಿ ಮಾಯೇದ ಅವರ ಗುಂಪು, 1988ರ ಆರಂಭದಲ್ಲಿ. ಸುದ್ದಿ ಹರಡಿದ ಕೆಲವೇ ತಿಂಗಳಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಹಿಡಿದವರೆಲ್ಲ ಇದೇ ಅಲೆಯನ್ನು ಕಂಡರು. ಅಮೆರಿಕದ ಬಫಲೋದಲ್ಲಿ ಫಿಲಿಪ್ ಕೊಪ್ಪೆನ್ಸ್ ಅವರ ಗುಂಪು ಅದೇ ವರ್ಷ ಅಲೆಯ ಪೂರ್ತಿ ಲೆಕ್ಕ ಹಾಕಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಆ ಲೇಖನದ ಲೇಖಕರಲ್ಲಿ ಒಬ್ಬರು ಎಂ.ಎ. ಸುಬ್ರಮಣಿಯನ್. ಮದ್ರಾಸಿನ ಐಐಟಿಯಲ್ಲಿ ಓದಿದ ಇವರೇ ಮುಂದೆ 2009ರಲ್ಲಿ ಯಿಟ್ರಿಯಂ, ಇಂಡಿಯಂ, ಮ್ಯಾಂಗನೀಸ್ ಸೇರಿದ ಹೊಸ ನೀಲಿ ಬಣ್ಣದ ಪದಾರ್ಥ ಕಂಡುಹಿಡಿದು ಹೆಸರಾದರು.

ಅಲೆ ಯಾಕೆ ಏಳುತ್ತದೆ?

ಈ ಹರಳು ಪದರ ಪದರವಾಗಿದೆ. ತಾಮ್ರ ಮತ್ತು ಆಕ್ಸಿಜನ್ ಇರುವ ಪದರದಲ್ಲಿ ಸೂಪರ್‌ಕಂಡಕ್ಟಿವಿಟಿ ನಡೆಯುತ್ತದೆ. ಅದರ ಮೇಲೆ ಕೆಳಗೆ ಸ್ಟ್ರಾನ್ಷಿಯಂ ಪದರ, ಅದರಾಚೆ ಬಿಸ್ಮತ್ ಮತ್ತು ಆಕ್ಸಿಜನ್ ಪದರ. ತಾಮ್ರದ ಪದರ ಗಟ್ಟಿಯಾದದ್ದು. ಅಲ್ಲಿ ತಾಮ್ರಕ್ಕೂ ಆಕ್ಸಿಜನ್‌ಗೂ ನಡುವೆ ಸುಮಾರು 1.9 ಆಂಗ್‌ಸ್ಟ್ರಾಂ ಅಂತರ. ಈ ಅಳತೆಗೆ ಬಿಸ್ಮತ್ ಪದರವೂ ಕಟ್ಟುಬಿದ್ದರೆ ಬಿಸ್ಮತ್ ಮತ್ತು ಅದೇ ಪದರದ ಆಕ್ಸಿಜನ್ ನಡುವೆ 2.7 ಆಂಗ್‌ಸ್ಟ್ರಾಂ ಆಸುಪಾಸು ಅಂತರ ಇರಬೇಕಾಗುತ್ತದೆ. ಬಿಸ್ಮತ್‌ಗೆ ಅದು ಒಗ್ಗುವುದಿಲ್ಲ. ಅದಕ್ಕೆ ಬೇಕಾದ್ದು 2.2ರ ಹತ್ತಿರದ ಅಂತರ. ಅಂದರೆ ಬಿಸ್ಮತ್ ಪದರ ಸದಾ ಕುಗ್ಗಲು ನೋಡುತ್ತದೆ, ತಾಮ್ರದ ಪದರ ಬಿಡುವುದಿಲ್ಲ. ಒಗೆದ ಮೇಲೆ ಬ್ಲೌಸಿನ ಲೈನಿಂಗ್ ಕುಗ್ಗಿ, ಹೊರಬಟ್ಟೆ ಮೊದಲಿನಷ್ಟೇ ಉಳಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಎರಡೂ ಸೇರಿ ಸುಕ್ಕುಸುಕ್ಕಾಗುತ್ತವೆ.

ಆ ಸುಕ್ಕಿನಲ್ಲಿ ಬಿಸ್ಮತ್ ಪರಮಾಣುಗಳು ಒಂದು ಕಡೆ ಒತ್ತಾಗಿ ಸೇರುತ್ತವೆ, ಇನ್ನೊಂದು ಕಡೆ ವಿರಳವಾಗುತ್ತವೆ. ವಿರಳವಾದ ಕಡೆ ಜಾಗ ಸಿಗುತ್ತದೆ. ಅಲ್ಲಿ ಹೆಚ್ಚುವರಿ ಆಕ್ಸಿಜನ್ ಪರಮಾಣು ನುಸುಳಿ ಕೂರುತ್ತದೆ. ಕೆಲವು ಪರಮಾಣುಗಳು ತಮ್ಮ ಸರಾಸರಿ ಜಾಗದಿಂದ ಸುಮಾರು 0.4 ಆಂಗ್‌ಸ್ಟ್ರಾಂನಷ್ಟು ಸರಿಯುತ್ತವೆ. ಹರಳಿನ ಲೋಕದಲ್ಲಿ ಇದು ಚಿಕ್ಕ ಸರಿತವಲ್ಲ. ತಾಮ್ರ ಮತ್ತು ಆಕ್ಸಿಜನ್ ನಡುವಿನ ಅಂತರದ ಐದನೇ ಒಂದು ಪಾಲು ಆಯಿತು ಅಲ್ವಾ? ಬಿಸ್ಮತ್ ಪದರದಲ್ಲಿ ಹುಟ್ಟಿದ ಅಲೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಅದು ತಾಮ್ರದ ಪದರವನ್ನೂ ಮೇಲೆ ಕೆಳಗೆ ಬಾಗಿಸುತ್ತದೆ.

ಇಲ್ಲೊಂದು ಸಂಗತಿ ಗಮನಿಸಬೇಕು. ನುಸುಳಿ ಕೂತ ಆ ಆಕ್ಸಿಜನ್ ಬರೀ ಜಾಗ ತುಂಬುವುದಿಲ್ಲ. ಅದು ಎರಡು ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುತ್ತದೆ. ಆ ಎಳೆತದಿಂದ ತಾಮ್ರದ ಪದರದಲ್ಲಿ ಎಲೆಕ್ಟ್ರಾನ್ ಕೊರತೆ ಉಂಟಾಗುತ್ತದೆ. ಈ ಕೊರತೆಯೇ ಸೂಪರ್‌ಕಂಡಕ್ಟಿವಿಟಿಗೆ ದಾರಿ ಮಾಡಿಕೊಡುವುದು. ಒಂದೇ ಆಕ್ಸಿಜನ್ ರಚನೆಯ ಅಲೆಯಲ್ಲೂ ಪಾಲುದಾರ, ವಿದ್ಯುತ್ತಿನ ಆಟದಲ್ಲೂ ಪಾಲುದಾರ. ಈ ಎರಡನ್ನು ಬಿಡಿಸಿ ನೋಡುವುದು ಎಷ್ಟು ಕಷ್ಟ ಎಂಬುದು ಮುಂದೆ ಗೊತ್ತಾಗುತ್ತದೆ.

ತಾಮ್ರದ ಜಾಗಕ್ಕೆ ಕಬ್ಬಿಣ ಬಂದಾಗ ಏನಾಗುತ್ತದೆ ಎಂಬುದೂ ಕುತೂಹಲದ ವಿಷಯ. ಇದೇ ಬಗೆಯ ರಚನೆ ಇರುವ ಒಂದು ಕಬ್ಬಿಣದ ಸಂಯುಕ್ತದಲ್ಲಿ ಅಲೆಯ ಉದ್ದ ಸರಿಯಾಗಿ ಐದು ಕೋಶಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಎಲ್ಲವೂ ತಾಳೆಯಾಗುತ್ತದೆ. 1989ರಲ್ಲಿ ಆ ಸಂಯುಕ್ತದ ರಚನೆಯನ್ನು ಬಿಡಿಸಿ ನೋಡಿದಾಗಲೇ ಹೆಚ್ಚುವರಿ ಆಕ್ಸಿಜನ್ ಎಲ್ಲಿ ಕೂರುತ್ತದೆ ಎಂಬ ಸುಳಿವು ಗಟ್ಟಿಯಾದದ್ದು. ತಾಳೆಯಾಗುವ ಹರಳನ್ನು ಓದಿ ತಾಳೆಯಾಗದ ಹರಳನ್ನು ಅರ್ಥಮಾಡಿಕೊಂಡರು.

ತಾಳೆಯಾಗದ್ದನ್ನು ಲೆಕ್ಕಕ್ಕೆ ತರುವುದು ಹೇಗೆ? ಹರಳು ಎಂದರೆ ಒಂದೇ ಕೋಶ ಮೂರೂ ದಿಕ್ಕಿಗೆ ಮರುಕಳಿಸುವುದು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇಲ್ಲಿ ಹಾಗೆ ಮರುಕಳಿಸುವ ಕೋಶವೇ ಇಲ್ಲ. ಪೀಟರ್ ಡಿ ವೋಲ್ಫ್, ಆಲೋಯಿಸಿಯೊ ಯಾನರ್, ಟೆಡ್ ಯಾನ್ಸೆನ್ 1970ರ ದಶಕದಿಂದ ಇದಕ್ಕೊಂದು ದಾರಿ ಕಟ್ಟಿದರು. ಮೂರು ಆಯಾಮದ ಜೊತೆಗೆ ಅಲೆಯ ಹಂತವನ್ನು, ಅಂದರೆ ಅಲೆಯ ಏರಿಳಿತದಲ್ಲಿ ಎಲ್ಲಿದ್ದೇವೆ ಎಂಬುದನ್ನು, ನಾಲ್ಕನೇ ಆಯಾಮ ಎಂದು ತೆಗೆದುಕೊಂಡರೆ, ಆ ನಾಲ್ಕು ಆಯಾಮದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಮರುಕಳಿಸುತ್ತದೆ. ನಾವು ಕಾಣುವ ಹರಳು ಅದರ ಒಂದು ಸೀಳುನೋಟ. ಪ್ರತಿ ಚುಕ್ಕೆಗೂ ಮೂರರ ಬದಲು ನಾಲ್ಕು ಪೂರ್ಣಾಂಕ ಕೊಟ್ಟರೆ ಸಾಕು. ಇಂಥ ವಸ್ತುಗಳು ಮತ್ತು ಕ್ವಾಸಿಕ್ರಿಸ್ಟಲ್‌ಗಳು (ಕ್ರಮವಿದ್ದರೂ ಮರುಕಳಿಸದ ಘನವಸ್ತುಗಳು) ಜಾಸ್ತಿಯಾದಾಗ ಅಂತಾರಾಷ್ಟ್ರೀಯ ಹರಳುವಿಜ್ಞಾನ ಒಕ್ಕೂಟ ಹರಳಿನ ವ್ಯಾಖ್ಯೆಯನ್ನೇ ಬದಲಿಸಿತು. 1992ರಲ್ಲಿ ಪ್ರಕಟವಾದ ಆ ವ್ಯಾಖ್ಯೆಯ ಪ್ರಕಾರ ಸ್ಪಷ್ಟ ಚುಕ್ಕೆಗಳ ಚಿತ್ರ ಕೊಡುವ ಘನವಸ್ತುವೆಲ್ಲ ಹರಳೇ. ಮರುಕಳಿಸಲೇಬೇಕು ಎಂಬ ಷರತ್ತು ಹೋಯಿತು.

ಈಗ ಎಲ್ಲರ ಮನಸ್ಸಿಗೆ ಬರುವ ಪ್ರಶ್ನೆ. ಸೂಪರ್‌ಕಂಡಕ್ಟಿವಿಟಿಗೆ ಈ ಅಲೆಯೇ ಕಾರಣವೇ? ಇಲ್ಲ. ಇದಕ್ಕೆ ಸಾಕ್ಷಿ ಬಲವಾಗಿದೆ. ಬಿಸ್ಮತ್ ಬದಲು ಥಾಲಿಯಂ ಇರುವ ಅದೇ ಬಗೆಯ ಹರಳಿನಲ್ಲಿ ಇಷ್ಟು ಬಲವಾದ ಅಲೆ ಇಲ್ಲ, ಆದರೂ ಅದು 100 ಕೆಲ್ವಿನ್ ದಾಟಿ ಕೆಲಸ ಮಾಡುತ್ತದೆ. 1993ರಲ್ಲಿ ಬಂದ ಪಾದರಸದ ಸಂಯುಕ್ತ ಇನ್ನೂ ಸರಳ, ಚೌಕಾಕಾರದ ರಚನೆ. ಅದು 133 ಕೆಲ್ವಿನ್ ಮುಟ್ಟಿತು. ಬಿಸ್ಮತ್ ಹರಳಿಗೇ ಸೀಸ ಬೆರೆಸಿ ಅಲೆಯನ್ನು ಅಡಗಿಸಿದರೂ ಸೂಪರ್‌ಕಂಡಕ್ಟಿವಿಟಿ ಹಾಗೇ ಉಳಿಯುತ್ತದೆ. ಅಲೆ ಇಲ್ಲದೆಯೂ ಕೆಲಸ ನಡೆಯುತ್ತದೆ. ಅಲೆ ಏರಿಳಿದಂತೆ ಸೂಪರ್‌ಕಂಡಕ್ಟಿವಿಟಿಯೂ ಬದಲಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಿಜವಾದ ತಿರುಳು ಅಲ್ಲಿದೆ.

ಅದಕ್ಕೆ ಹೋಗುವ ಮೊದಲು ಈ ಅಲೆ ಕೊಟ್ಟ ಕಾಟದ ಬಗ್ಗೆ ಹೇಳಬೇಕು. ಬಿಸ್ಮತ್-2212 ಇಷ್ಟು ಜನಪ್ರಿಯವಾಗಲು ಕಾರಣ, ಎರಡು ಬಿಸ್ಮತ್ ಪದರಗಳ ನಡುವಿನ ಹಿಡಿತ ತುಂಬ ಸಡಿಲ. ಟೇಪು ಅಂಟಿಸಿ ಎಳೆದರೆ ಪದರ ಬಿಟ್ಟುಕೊಂಡು ಕನ್ನಡಿಯಂಥ ಹೊಸ ಮೈ ಸಿಗುತ್ತದೆ. ಮೇಲ್ಮೈಯನ್ನು ನೋಡುವ ಪ್ರಯೋಗಗಳಿಗೆ ಇದಕ್ಕಿಂತ ಒಳ್ಳೆಯ ಹರಳು ಸಿಗುವುದು ಕಷ್ಟ. ಬೆಳಕು ಹಾಯಿಸಿ, ಹೊರಬರುವ ಎಲೆಕ್ಟ್ರಾನ್‌ಗಳ ಕೋನ ಮತ್ತು ಶಕ್ತಿ ಅಳೆಯುವ ಪ್ರಯೋಗ ಅಂಥದ್ದೊಂದು. ಸಂಶೋಧಕರು ಅದಕ್ಕೆ ಆರ್ಪೆಸ್ ಎನ್ನುತ್ತಾರೆ. ಹೊರಬರುವ ಎಲೆಕ್ಟ್ರಾನ್ ಈ ಅಲೆಯಿಂದ ಚದುರಿ, ಅಸಲಿ ಚಿತ್ರದ ಪಕ್ಕದಲ್ಲಿ ಅದರದೇ ನಕಲುಗಳು ಮೂಡುತ್ತವೆ. ಒಂದರ ಮೇಲೊಂದು ಬಿದ್ದ ಆ ಗೆರೆಗಳಲ್ಲಿ ಅಸಲಿ ಯಾವುದು, ನಕಲು ಯಾವುದು?

1999ರ ಸುಮಾರಿಗೆ ಇದು ದೊಡ್ಡ ವಿವಾದವೇ ಆಯಿತು. ಈ ಹರಳಿನ ಎಲೆಕ್ಟ್ರಾನ್ ನಕ್ಷೆಯ ಮೂಲ ಆಕಾರವೇ ಬೇರೆ ಎಂದು ಕೆಲವರು ವಾದಿಸಿದರು. ಜರ್ಮನಿಯ ಡ್ರೆಸ್ಡೆನ್‌ನ ಗುಂಪು ಮತ್ತು ಇತರರು ಸೀಸ ಬೆರೆಸಿ ಅಲೆಯನ್ನು ಅಡಗಿಸಿದ ಹರಳಿನ ಮೇಲೆ ಅದೇ ಪ್ರಯೋಗ ಮಾಡಿದರು. ನಕಲು ಗೆರೆಗಳು ಮಾಯವಾದವು. ಎರಡು ತಾಮ್ರದ ಪದರಗಳಿಂದ ಗೆರೆ ಎರಡಾಗಿ ಸೀಳುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಗೊಂದಲ ಬಹುಪಾಲು ಬಗೆಹರಿಯಿತು. ಪರಮಾಣುಗಳ ಜಾಗವನ್ನು ಕಡೆಗಣಿಸಿದರೆ ಎಲೆಕ್ಟ್ರಾನ್‌ಗಳ ಬಗ್ಗೆಯೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಅಳತೆಗೋಲಿನ ವಿಷಯ.

ತಾಮ್ರದ ಪದರದ ಮೇಲೆ, ಪಿರಮಿಡ್ಡಿನ ತುದಿಯಲ್ಲಿ ಕೂತ ಹಾಗೆ, ಒಂದು ಆಕ್ಸಿಜನ್ ಇರುತ್ತದೆ. ತಾಮ್ರಕ್ಕೂ ಈ ತುದಿಯ ಆಕ್ಸಿಜನ್‌ಗೂ ಇರುವ ದೂರ ಸೂಪರ್‌ಕಂಡಕ್ಟಿವಿಟಿಯ ಮೇಲೆ ಪ್ರಭಾವ ಬೀರುತ್ತದೆ ಎಂಬ ಅನುಮಾನ ಬಹಳ ಹಿಂದಿನದು. ಆದರೆ ಪರೀಕ್ಷಿಸುವುದು ಹೇಗೆ? ಒಂದು ಹರಳಿನಿಂದ ಇನ್ನೊಂದು ಹರಳಿಗೆ ಹೋದರೆ ಆ ದೂರದ ಜೊತೆಗೆ ಬೇರೆ ಹತ್ತು ವಿಷಯಗಳೂ ಬದಲಾಗುತ್ತವೆ. ಹೋಲಿಸಿ ಏನು ಪ್ರಯೋಜನ?

ಬಿಸ್ಮತ್-2212ರ ಅಲೆ ಈ ಕೆಲಸವನ್ನು ತಾನಾಗಿ ಮಾಡಿಕೊಡುತ್ತದೆ. ಒಂದೇ ಹರಳಿನಲ್ಲಿ, 26 ಆಂಗ್‌ಸ್ಟ್ರಾಂ ಉದ್ದದೊಳಗೆ, ಆ ದೂರ ಹೆಚ್ಚಾಗಿ ಕಡಿಮೆಯಾಗಿ ಮತ್ತೆ ಹೆಚ್ಚಾಗುತ್ತದೆ. ಅಲೆಯ ಉದ್ದ ಕೋಶದ ಲೆಕ್ಕಕ್ಕೆ ತಾಳೆಯಾಗದ ಕಾರಣ ಇನ್ನೊಂದು ಅನುಕೂಲವೂ ಇದೆ. ಪ್ರತಿ ತಾಮ್ರದ ಪರಮಾಣು ಅಲೆಯ ಬೇರೆ ಬೇರೆ ಹಂತದಲ್ಲಿ ಬೀಳುತ್ತದೆ. ಸಾಕಷ್ಟು ದೊಡ್ಡ ಜಾಗ ನೋಡಿದರೆ ಎಲ್ಲ ಹಂತಗಳೂ ಸಿಗುತ್ತವೆ. ತಾಳೆಯಾಗಿದ್ದರೆ ನಾಲ್ಕೈದು ಹಂತ ಮಾತ್ರ ಸಿಗುತ್ತಿತ್ತು.

ಭೌತವಿಜ್ಞಾನಿ ಷೇಮಸ್ ಡೇವಿಸ್ ಅವರ ಗುಂಪು ಇದನ್ನು ಮೊದಲು ಬಳಸಿಕೊಂಡಿತು. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿ ಜೋಡಿಯಾಗಿ ಹರಿಯುತ್ತವೆ. ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ಸೂಜಿಯನ್ನು ಪರಮಾಣು ಪರಮಾಣುವಿನ ಮೇಲೆ ನಿಲ್ಲಿಸಿ, ಅಲ್ಲಿನ ಎಲೆಕ್ಟ್ರಾನ್ ಜೋಡಿಯನ್ನು ಒಡೆಯಲು ಬೇಕಾದ ಶಕ್ತಿಯನ್ನು ಅಳೆದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಶಕ್ತಿ ಅಲೆಯ ಜೊತೆಜೊತೆಗೆ ಸುಮಾರು ಶೇಕಡಾ 9ರಷ್ಟು ಏರಿಳಿಯುತ್ತದೆ. ತುದಿಯ ಆಕ್ಸಿಜನ್ ಹತ್ತಿರ ಬಂದ ಕಡೆ ಶಕ್ತಿ ಹೆಚ್ಚು, ದೂರ ಹೋದ ಕಡೆ ಕಡಿಮೆ. ತಾಮ್ರದ ಪದರದ ಹೊರಗಿನ ಪರಮಾಣುಗಳಿಗೂ ಈ ಆಟದಲ್ಲಿ ಕೈ ಇದೆ ಎಂಬುದು ಒಂದೇ ಹರಳಿನೊಳಗೆ ಕಂಡಿತು.

2022ರಲ್ಲಿ ಅದೇ ಗುಂಪಿನಿಂದ ಬಂದ ಫಲಿತಾಂಶ ಇನ್ನೂ ಮುಂದೆ ಹೋಯಿತು. ಈ ಬಾರಿ ಸೂಜಿಯ ತುದಿಯಲ್ಲೂ ಸೂಪರ್‌ಕಂಡಕ್ಟರ್ ಇಟ್ಟರು. ಹಾಗೆ ಮಾಡಿದಾಗ ಬಿಡಿ ಎಲೆಕ್ಟ್ರಾನ್‌ಗಳ ಬದಲು ಜೋಡಿಗಳೇ ದಾಟುತ್ತವೆ, ಜೋಡಿಗಳ ದಟ್ಟಣೆಯನ್ನು ನೇರವಾಗಿ ಅಳೆಯಬಹುದು. ಜೊತೆಗೆ ಎಲೆಕ್ಟ್ರಾನ್ ಆಕ್ಸಿಜನ್‌ನಿಂದ ತಾಮ್ರಕ್ಕೆ ಜಿಗಿಯಲು ಎಷ್ಟು ಶಕ್ತಿ ಬೇಕು ಎಂಬುದನ್ನೂ ಅದೇ ಬಗೆಯ ಅಲೆಯ ಉದ್ದಕ್ಕೂ ಅಳೆದರು. ಆ ಶಕ್ತಿ ಕಡಿಮೆಯಾದ ಕಡೆ ಜೋಡಿಗಳ ದಟ್ಟಣೆ ಹೆಚ್ಚಿತ್ತು. ಕೆನಡಾದ ಆಂದ್ರೆ-ಮರಿ ಟ್ರೆಂಬ್ಲೆ ಮತ್ತು ಸಂಗಡಿಗರ ಲೆಕ್ಕಾಚಾರವೂ ಸುಮಾರಾಗಿ ಅಷ್ಟೇ ಏರಿಳಿತವನ್ನು ಮೊದಲೇ ಹೇಳಿತ್ತು. ಪಕ್ಕಪಕ್ಕದ ತಾಮ್ರದ ಕಾಂತೀಯ ನಂಟು, ಅಂದರೆ ಸೂಪರ್‌ಎಕ್ಸ್‌ಚೇಂಜ್, ಎಲೆಕ್ಟ್ರಾನ್‌ಗಳನ್ನು ಜೋಡಿಯಾಗಿಸುತ್ತದೆ ಎಂಬ ಫಿಲಿಪ್ ಆಂಡರ್ಸನ್ ಅವರ 1987ರ ವಿಚಾರಕ್ಕೆ ಇದರಿಂದ ಬಲ ಬಂತು.

ಗುಟ್ಟು ಬಯಲಾಯಿತು ಎಂದು ಆಗ ಕೆಲವರು ಬರೆದರು. ನನಗೆ ಇದು ತುಂಬ ಒಳ್ಳೆಯ ಪ್ರಯೋಗ ಎನಿಸುತ್ತದೆ, ಆದರೆ ಕೊನೆಯ ಮಾತು ಎನಿಸುವುದಿಲ್ಲ. ಕಾರಣ ಮೇಲೆಯೇ ಇದೆ. ಅಲೆಯ ಜೊತೆ ತುದಿಯ ಆಕ್ಸಿಜನ್ ಮಾತ್ರ ಸರಿಯುವುದಿಲ್ಲ. ತಾಮ್ರದ ಪದರವೂ ಬಾಗುತ್ತದೆ. ಬಿಸ್ಮತ್ ಪದರದ ಹೆಚ್ಚುವರಿ ಆಕ್ಸಿಜನ್ ಕೂಡ ಅಲೆಯ ಹಂತ ನೋಡಿಕೊಂಡು ಕೂರುತ್ತದೆ. ಹಾಗಾಗಿ ಅಂತರದ ಪ್ರಭಾವ ಎಷ್ಟು, ಎಲೆಕ್ಟ್ರಾನ್ ಕೊರತೆಯ ಏರಿಳಿತದ ಪ್ರಭಾವ ಎಷ್ಟು ಎಂದು ಬೇರ್ಪಡಿಸುವ ಕೆಲಸ ಸುಲಭವಲ್ಲ. ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗಲೂ ಎಚ್ಚರ ಬೇಕು. ಮೊದಲನೆಯದು ಜೋಡಿ ಒಡೆಯುವ ಶಕ್ತಿ ಅಳೆಯಿತು, ಎರಡನೆಯದು ಜೋಡಿಗಳ ದಟ್ಟಣೆ ಅಳೆಯಿತು. ತಾಮ್ರದ ಆಕ್ಸೈಡುಗಳಲ್ಲಿ ಈ ಎರಡೂ ಸದಾ ಒಟ್ಟಿಗೆ ಏರುವುದಿಲ್ಲ. ಆಕ್ಸಿಜನ್ ಕಡಿಮೆ ಮಾಡುತ್ತಾ ಹೋದರೆ ಶಕ್ತಿ ಹೆಚ್ಚುತ್ತದೆ, ದಟ್ಟಣೆ ಇಳಿಯುತ್ತದೆ.

ಇತ್ತೀಚಿನ ಇನ್ನೊಂದು ವಿವಾದದಲ್ಲೂ ಈ ಹರಳೇ ನಡುವೆ ಇದೆ. ಬಿಸ್ಮತ್-2212ರ ತೆಳು ಪದರವೊಂದರ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟರೆ ಏನಾಗುತ್ತದೆ? ತಾಮ್ರದ ಆಕ್ಸೈಡುಗಳಲ್ಲಿ ಜೋಡಿಗಳ ಕ್ವಾಂಟಂ ಅಲೆ (ಇದು ಹರಳಿನ ಅಲೆಯಲ್ಲ) ನಾಲ್ಕು ಎಸಳಿನ ಆಕಾರದ್ದು, ಪಕ್ಕಪಕ್ಕದ ಎಸಳುಗಳ ಚಿಹ್ನೆ ವಿರುದ್ಧ ಎಂಬುದು ಬಹುಮತದ ಅಭಿಪ್ರಾಯ. ಹಾಗಿದ್ದರೆ 45 ಡಿಗ್ರಿಯಲ್ಲಿ ವಿರುದ್ಧ ಚಿಹ್ನೆಗಳು ಒಂದನ್ನೊಂದು ರದ್ದುಮಾಡಿ, ಎರಡು ಪದರಗಳ ನಡುವಿನ ಸಾಮಾನ್ಯ ಹರಿವು ಹೆಚ್ಚುಕಡಿಮೆ ನಿಲ್ಲಬೇಕು. ಹಾರ್ವರ್ಡಿನ ಫಿಲಿಪ್ ಕಿಮ್ ಗುಂಪು 2023ರಲ್ಲಿ ಹಾಗೇ ಆಗುತ್ತದೆ ಎಂದು ತೋರಿಸಿತು. ಚೀನಾದ ಶುಯೆ ಚೀಕುನ್ ಅವರ ಗುಂಪು 2021ರಲ್ಲಿ, 45 ಡಿಗ್ರಿಯಲ್ಲೂ ಬಲವಾದ ಹರಿವು ಕಂಡಿದ್ದೇವೆ ಎಂದಿತ್ತು. ಈ ವಾದದಲ್ಲಿ ಹರಳು ಪೂರ್ತಿ ಚೌಕ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಅದು ಪೂರ್ತಿ ಚೌಕ ಅಲ್ಲ. ಅಲೆ ಒಂದೇ ದಿಕ್ಕಿಗೆ, ತಾಮ್ರ-ಆಕ್ಸಿಜನ್ ಸಾಲಿಗೆ ಓರೆಯಾಗಿ, 45 ಡಿಗ್ರಿಯಲ್ಲೇ ಸಾಗುತ್ತದೆ. ಅದೃಷ್ಟಕ್ಕೆ ಅದು ಹೀಗೆ ಓರೆಯಾಗಿ ಸಾಗುವುದರಿಂದ ತಾಮ್ರ-ಆಕ್ಸಿಜನ್‌ನ ಎರಡು ದಿಕ್ಕುಗಳು ಸಮಾನವಾಗೇ ಉಳಿಯುತ್ತವೆ. ಆದರೆ ಒಂದರ ಮೇಲೊಂದು ತಿರುಗಿಸಿಟ್ಟಾಗ ಎರಡು ಅಲೆಗಳೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಸಣ್ಣದಾದರೂ ಒಂದಿಷ್ಟು ಹರಿವಿಗೆ ಅದು ಬಾಗಿಲು ತೆರೆಯಬಲ್ಲದು. ಅದನ್ನು ಲೆಕ್ಕಕ್ಕೆ ಸೇರಿಸದೆ ಯಾವ ಕಡೆಯ ವಾದವೂ ಪೂರ್ತಿಯಾಗದು.

ಓದುಗರಿಗೆ ಒಂದು ಗೊಂದಲ ಆಗಬಾರದು. ತಾಮ್ರದ ಆಕ್ಸೈಡುಗಳಲ್ಲಿ ಇನ್ನೊಂದು ಬಗೆಯ ತಾಳೆಯಾಗದ ಅಲೆಗಳೂ ಇವೆ. 1995ರಲ್ಲಿ ಜಾನ್ ಟ್ರಾಂಕ್ವಾಡಾ ಮತ್ತು ಸಂಗಡಿಗರು ಲ್ಯಾಂಥನಮ್ ಸಂಯುಕ್ತದಲ್ಲಿ ವಿದ್ಯುದಂಶ ಮತ್ತು ಕಾಂತತ್ವದ ಪಟ್ಟೆಗಳನ್ನು ಕಂಡರು. 2012ರಲ್ಲಿ ಯಿಟ್ರಿಯಂ ಸಂಯುಕ್ತದಲ್ಲಿ ಸುಮಾರು 3.2 ಕೋಶ ಉದ್ದದ ವಿದ್ಯುದಂಶದ ಅಲೆ ಸಿಕ್ಕಿತು. ಇವು ಎಲೆಕ್ಟ್ರಾನ್‌ಗಳು ತಾವಾಗಿ ಕಟ್ಟಿಕೊಳ್ಳುವ ಅಲೆಗಳು. ತಣ್ಣಗಾದಾಗ ಮೂಡುತ್ತವೆ, ಸೂಪರ್‌ಕಂಡಕ್ಟಿವಿಟಿಯ ಜೊತೆ ಪೈಪೋಟಿ ನಡೆಸುತ್ತವೆ. ಬಿಸ್ಮತ್ ಹರಳಿನ ಅಲೆ ಹಾಗಲ್ಲ. ಕುಲುಮೆಯಲ್ಲಿ ಹರಳು ಬೆಳೆಯುವಾಗಲೇ ಅದು ಕೂತಿರುತ್ತದೆ, ಕೋಣೆಯ ಉಷ್ಣತೆಯಲ್ಲೂ ಇರುತ್ತದೆ.

ಇವೆರಡಕ್ಕೂ ಸೇರದ ಮೂರನೇ ಬಗೆಯೂ ಇದೆ. ಸ್ಟ್ರಾನ್ಷಿಯಂ 14, ತಾಮ್ರ 24, ಆಕ್ಸಿಜನ್ 41 ಇರುವ ಸಂಯುಕ್ತದಲ್ಲಿ ತಾಮ್ರದ ಸರಪಳಿಗಳೂ ಏಣಿಗಳೂ ಒಂದೇ ಹರಳಿನಲ್ಲಿ ಹೆಣೆದುಕೊಂಡಿವೆ. ಸರಪಳಿಯ 10 ಹೆಜ್ಜೆ ಏಣಿಯ 7 ಹೆಜ್ಜೆಗೆ ಸುಮಾರಾಗಿ ಸಮ, ಸರಿಯಾಗಿ ಅಲ್ಲ. ಸ್ಟ್ರಾನ್ಷಿಯಂನ ಬಹುಪಾಲನ್ನು ಕ್ಯಾಲ್ಸಿಯಂನಿಂದ ಬದಲಿಸಿ, ವಾತಾವರಣದ ಸುಮಾರು 30,000 ಪಟ್ಟು ಒತ್ತಡ ಹಾಕಿದಾಗ ಅದು 12 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಯಿತು. 1996ರಲ್ಲಿ ಜುನ್ ಅಕಿಮಿತ್ಸು ಅವರ ಗುಂಪು ಇದನ್ನು ತೋರಿಸಿತು.

ಇದೆಲ್ಲ ಬರೀ ಪ್ರಯೋಗಾಲಯದ ಮಾತಲ್ಲ. ಮೂರು ತಾಮ್ರದ ಪದರ ಇರುವ ಬಿಸ್ಮತ್-2223ರ ಪಟ್ಟಿಗಳು ಜಿನೀವಾ ಬಳಿಯ ಸರ್ನ್‌ನ ದೊಡ್ಡ ಕಣವೇಗವರ್ಧಕಕ್ಕೆ ವಿದ್ಯುತ್ತು ಒಯ್ಯುತ್ತಿವೆ. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ಸುಮಾರು 1 ಕಿಲೋಮೀಟರ್ ಉದ್ದದ ನೆಲದಡಿಯ ಕೇಬಲ್ಲಾಗಿ ಕೆಲಸ ಶುರುಮಾಡಿದ್ದೂ ಇದೇ ವಸ್ತು. ಈ ಪಟ್ಟಿಗಳನ್ನು ಮಾಡುವಾಗ ಸೀಸ ಬೆರೆಸಲೇಬೇಕು, ಇಲ್ಲದಿದ್ದರೆ 2223 ಶುದ್ಧವಾಗಿ ರೂಪುಗೊಳ್ಳುವುದು ಬಲು ಕಷ್ಟ. ಬಿಸ್ಮತ್ ಪದರಕ್ಕೆ ಹೋಗುವ ಆ ಸೀಸ ಅಲೆಯನ್ನೂ ಬದಲಿಸುತ್ತದೆ.

ಅಳತೆಗೋಲಿನ ಪ್ರಶ್ನೆ ಬಗೆಹರಿಯಬೇಕಾದರೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. 2022ರ ಪ್ರಯೋಗವನ್ನು ಆಕ್ಸಿಜನ್ ಕಡಿಮೆ ಇರುವ, ಸರಿಯಾಗಿರುವ, ಜಾಸ್ತಿ ಇರುವ ಹರಳುಗಳ ಮೇಲೆ ಸಾಲಾಗಿ ಮಾಡಬೇಕು. ಸೀಸ ಬೆರೆಸಿ ಅಲೆಯನ್ನು ಸ್ವಲ್ಪಸ್ವಲ್ಪವೇ ಕುಗ್ಗಿಸಿದ ಹರಳುಗಳಲ್ಲೂ ಮಾಡಬೇಕು. ಅಲೆ ಕುಗ್ಗಿದಷ್ಟೇ ಜೋಡಿಗಳ ಏರಿಳಿತವೂ ಕುಗ್ಗಿದರೆ, ತುದಿಯ ಆಕ್ಸಿಜನ್‌ನ ದೂರವೇ ಮುಖ್ಯ ಎಂಬ ವಾದ ಗಟ್ಟಿಯಾಗುತ್ತದೆ. ಅಲೆ ಕುಗ್ಗಿದ ಮೇಲೂ ಏರಿಳಿತ ಉಳಿದರೆ, ಆಕ್ಸಿಜನ್ ಎಲ್ಲೆಲ್ಲಿ ನುಸುಳಿ ಕೂತಿದೆ ಎಂಬುದನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.